ರೋಗ ಕಂಡ ದಿನ, ರೋಗ ತಗಲಿದ ದಿನ: ಟೊಮೇಟೊ ಬೆಳೆಯೊಂದಿಗೆ ನನ್ನ ಅನುಭವ

ಸಸ್ಯರೋಗ ತಜ್ಞನಾಗಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮಾಲೂರು ತಾಲ್ಲೂಕಿನ ಒಂದು ತೋಟದಲ್ಲಿ ಬಾಡಿದ ಟೊಮೇಟೊ ಗಿಡಗಳನ್ನು ನೋಡಿ, ಇದು ಶಿಲೀಂಧ್ರದಿಂದ ಬರುವ ಸೊರಗು ರೋಗವೆಂದು ಹೇಳಿ, ಗಿಡದ ಬುಡಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣ ಸುರಿಯಲು ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದೆ. ಹನ್ನೆರಡು ದಿನ ಬಿಟ್ಟು ಮತ್ತೆ ಹೋದಾಗ ತೋಟದ ಅರ್ಧ ಭಾಗ ನೆಲಕ್ಕೆ ಒರಗಿತ್ತು. ಆ ರೈತರು ನನ್ನನ್ನು ಬೈಯಲಿಲ್ಲ. “ನೀವು ಹೇಳಿದ ಔಷಧಾನೇ ಹಾಕ್ದೆ ಸಾರ್. ಬೆಳಗ್ಗೆ ಚೆನ್ನಾಗಿರೋ ಗಿಡ ಮಧ್ಯಾಹ್ನಕ್ಕೆ ಜೋತು ಬೀಳ್ತೈತೆ” ಎಂದಷ್ಟೇ ಹೇಳಿದರು. ಆ ಒಂದು ಮಾತಿನಲ್ಲಿಯೇ ರೋಗದ ಗುರುತು ಇತ್ತು. ಶಿಲೀಂಧ್ರದ ಸೊರಗಿನಲ್ಲಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಎಷ್ಟೋ ಸಲ ಗಿಡದ ಒಂದೇ ಪಕ್ಕ ಬಾಡುತ್ತದೆ. ಇಲ್ಲಿ ಎಲೆಗಳು ಹಸಿರಾಗಿಯೇ ಇದ್ದು, ಗಿಡ ಇಡಿಯಾಗಿ ಕುಸಿಯುತ್ತಿತ್ತು.

ಅವರ ಮನೆಯಿಂದ ಒಂದು ಗಾಜಿನ ಲೋಟ ತರಿಸಿ, ತಿಳಿನೀರು ತುಂಬಿ ಬದುವಿನ ಮೇಲಿಟ್ಟೆ. ಆಗತಾನೇ ಬಾಡಿದ ಗಿಡವೊಂದನ್ನು ಕಿತ್ತು, ಬುಡದಿಂದ ನಾಲ್ಕು ಬೆರಳು ಮೇಲಕ್ಕೆ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಕೈ ಅಲುಗದ ಹಾಗೆ ಹಿಡಿದೆ. ಒಂದೆರಡು ನಿಮಿಷಗಳಲ್ಲಿ ಕಾಂಡದ ಅಂಚಿನಿಂದ ಹಾಲಿನ ಎಳೆಯಂತಹ ಸಣ್ಣ ಧಾರೆ ಹೊರಟು, ನೀರಿನಲ್ಲಿ ನೇರವಾಗಿ ಲೋಟದ ತಳಕ್ಕೆ ಇಳಿಯಿತು. ನೀರು ಸಾಗಿಸುವ ನಾಳಗಳಲ್ಲಿ ತುಂಬಿಕೊಂಡಿದ್ದ ದುಂಡಾಣುಗಳ (ಬ್ಯಾಕ್ಟೀರಿಯಾ) ಲೋಳೆ ಅದು. ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬ ಈ ದುಂಡಾಣುವಿಗೆ ಕಾರ್ಬೆಂಡಜಿಮ್‌ನಿಂದ ಏನೂ ಆಗುವುದಿಲ್ಲ. ಒಂದು ಲೋಟ ನೀರು ಸಾಕಾಗಿದ್ದ ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ನಾನು ಮಾಡಿರಲಿಲ್ಲ. ಆ ವರ್ಷ ಆ ಕುಟುಂಬಕ್ಕಾದ ನಷ್ಟದಲ್ಲಿ ನನ್ನ ಪಾಲೂ ಇದೆಯೆಂದು ಇಂದಿಗೂ ಭಾವಿಸುತ್ತೇನೆ.

ಸರಿಯಾಗಿ ಗುರುತಿಸಿದ್ದರೂ ಬಾಡಿದ ಗಿಡಗಳು ಉಳಿಯುತ್ತಿರಲಿಲ್ಲವೆಂಬುದು ನಿಜ. ಆದರೆ ಆಗ ನಾನು ಹೇಳಬೇಕಾಗಿದ್ದುದು ಬೇರೆಯೇ ಇತ್ತು: ಔಷಧಕ್ಕೆ ಹಣ ಹಾಕಬೇಡಿ, ಬಾಡಿದ ಗಿಡಗಳನ್ನು ಬೇರುಸಹಿತ ತೆಗೆದು ಹೊರಗೆ ಸುಡಿ, ಆ ಸಾಲಿನಿಂದ ಮುಂದಿನ ಸಾಲಿಗೆ ನೀರು ಹಾಯದಂತೆ ತಡೆಯಿರಿ. ಅಂದು ಬದುವಿನ ಮೇಲೆ ಕುಳಿತು ಹಿಂದಿನ ಬೆಳೆಗಳನ್ನು ಕೇಳಿದಾಗ, ಆಲೂಗಡ್ಡೆ, ಅದರ ಮೇಲೆ ಬದನೆ, ನಡುವೆ ಒಮ್ಮೆ ದಪ್ಪಮೆಣಸಿನಕಾಯಿ ಎಂದರು. ಎಲ್ಲವೂ ಟೊಮೇಟೊವಿನ ಸಸ್ಯಕುಟುಂಬದವೇ, ಎಲ್ಲವೂ ಇದೇ ದುಂಡಾಣುವಿಗೆ ಆಸರೆ ಕೊಡುವಂಥವು. ನಮ್ಮ ಕಣ್ಣಿಗೆ ರೋಗ ಕಂಡದ್ದು ಆ ತಿಂಗಳು, ಅದು ಆ ಮಣ್ಣಿಗೆ ಬಂದು ಸೇರಿದ್ದು ಎಷ್ಟೋ ವರ್ಷ ಹಿಂದೆ. ಅಲ್ಲಿಂದ ಮುಂದೆ ಯಾವ ತೋಟಕ್ಕೆ ಹೋದರೂ ಗಿಡ ಮುಟ್ಟುವ ಮೊದಲು ಹಿಂದಿನ ಮೂರು ಬೆಳೆಗಳು ಯಾವುವು, ನೀರು ಯಾವ ಕಡೆಯಿಂದ ಹರಿದು ಬರುತ್ತದೆ, ಸಸಿ ಎಲ್ಲಿಯದು ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ನಾನು ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿಯೇ. ಮನೆಯಲ್ಲಿ ರಾಗಿ, ಅವರೆಯ ಜೊತೆಗೆ ಬಾವಿಯ ನೀರು ಇದ್ದಷ್ಟು ಟೊಮೇಟೊ ಬೆಳೆಯುತ್ತಿದ್ದೆವು. ಕೃಷಿ ಪದವಿಯ ನಂತರ ಸಸ್ಯರೋಗಶಾಸ್ತ್ರವನ್ನು ಆರಿಸಿಕೊಂಡಾಗ, ಎಲೆ ಮುದುರಿದ ಗಿಡಗಳನ್ನು ಅಪ್ಪ ಕಿತ್ತು ಬದುವಿಗೆ ಎಸೆಯುತ್ತಿದ್ದುದು ಮನಸ್ಸಿನಲ್ಲಿತ್ತು. ವೃತ್ತಿಜೀವನದ ಬಹುಪಾಲು ಆ ಎಲೆ ಮುದುರು ರೋಗಕ್ಕೇ ಸಂದಿತು.

ಇದು ನಂಜಾಣುವಿನಿಂದ (ವೈರಸ್) ಬರುವ ರೋಗ, ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಬೆಂಗಳೂರು ಮತ್ತು ಕರ್ನಾಟಕದ ಹೆಸರನ್ನು ಹೊತ್ತ ಎಲೆ ಮುದುರು ನಂಜಾಣುಗಳೇ ಇವೆ. ನಾಟಿ ಮಾಡಿದ ಮೊದಲ 20 ದಿನಗಳೊಳಗೆ ತಗಲಿದರೆ ಇಳುವರಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನಷ್ಟವಾಗುತ್ತದೆಂದು 1970ರ ದಶಕದಲ್ಲಿಯೇ ದಾಖಲಾಗಿತ್ತು. ಗಿಡ ಬಲಿತ ಮೇಲೆ ತಗಲಿದರೆ ನಷ್ಟ ಬಹಳ ಕಡಿಮೆ. 1999ರಲ್ಲಿ ಕೋಲಾರದಲ್ಲಿ ಬಿಳಿನೊಣದ, ವೇಗವಾಗಿ ಹೆಚ್ಚುವ ‘ಬಿ’ ಬಗೆ ಪತ್ತೆಯಾಯಿತು. ಅಲ್ಲಿಂದ ಮುಂದಿನ ಬೇಸಿಗೆಗಳಲ್ಲಿ ಗಿಡವನ್ನು ಅಲುಗಿಸಿದರೆ ಬೂದಿ ಹಾರಿದಂತೆ ನೊಣಗಳು ಏಳುತ್ತಿದ್ದ ತೋಟಗಳನ್ನು ನಾನು ಕಂಡಿದ್ದೇನೆ.

ನೊಣ ಕಚ್ಚಿ ನಂಜು ಸೇರಿದ ಮೇಲೆ ಎಲೆ ಮುದುರುವುದು ಕಣ್ಣಿಗೆ ಕಾಣಲು ಸಾಮಾನ್ಯವಾಗಿ ಹತ್ತರಿಂದ ಹದಿನೈದು ದಿನ ಬೇಕು. ಆದ್ದರಿಂದ ನಾಟಿಯಾದ ಹತ್ತನೆಯ ದಿನಕ್ಕೆ ಗಿಡ ಮುದುರಿದರೆ ದೋಷವನ್ನು ಹೊಲದಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ಸಸಿಮಡಿಯಿಂದಲೇ ಬಂದಿದೆ. ಒಂದು ವರ್ಷ ಹತ್ತಾರು ರೈತರು ಒಂದೇ ವಾರದಲ್ಲಿ ಇಂತಹ ಗಿಡಗಳನ್ನು ತಂದು ತೋರಿಸಿದರು. ದಿನಗಳನ್ನು ಹಿಂದಕ್ಕೆ ಎಣಿಸಿ, ಎಲ್ಲರೂ ಸಸಿ ಕೊಂಡ ಒಂದೇ ಸಸಿಮನೆಗೆ ಹೋದೆ. ಸುತ್ತ ಅಂಗುಲಕ್ಕೆ ಐವತ್ತು ಕಣ್ಣುಗಳಿರುವ, ಅಂದರೆ ಐವತ್ತು ಮೆಶ್‌ನ ಒಳ್ಳೆಯ ಬಲೆ ಕಟ್ಟಿದ್ದರು. ಆದರೆ ಗಾಳಿಯಾಡಲೆಂದು ಹಗಲಿಡೀ ಬಾಗಿಲು ತೆರೆದಿಟ್ಟಿದ್ದರು, ಬಾಗಿಲ ಪಕ್ಕದಲ್ಲಿಯೇ ಹಳೆಯ ಟೊಮೇಟೊ ಗಿಡಗಳು ಕೀಳದೆ ಉಳಿದಿದ್ದವು. ಟ್ರೇಗಳ ನಡುವೆ ನೇತುಹಾಕಿದ ಹಳದಿ ಅಂಟಿನ ಹಾಳೆ ಮರುದಿನ ಬೆಳಗ್ಗೆ ನೊಣಗಳಿಂದ ತುಂಬಿತ್ತು. ಎರಡು ಬಾಗಿಲುಗಳ ಪುಟ್ಟ ಪ್ರವೇಶಕೋಣೆ ಮತ್ತು ಹಳೆಯ ಗಿಡ ಕೀಳುವ ಒಂದು ದಿನದ ಕೂಲಿ, ಇಷ್ಟರಲ್ಲಿ ತಡೆಯಬಹುದಾಗಿದ್ದ ನಷ್ಟವನ್ನು ಹತ್ತಾರು ಮನೆಗಳು ಹೊರಬೇಕಾಯಿತು. ಇಂತಹ ಕಡೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ರೋಗ ತಡೆಯುವ ತಳಿಗಳ ಆಯ್ಕೆಯಲ್ಲಿ ನನ್ನ ಪಾಲಿಗೆ ಬಂದದ್ದು ಪರೀಕ್ಷೆಯ ಭಾಗ. ಹೊಲದಲ್ಲಿ ಮುದುರದೆ ಉಳಿದ ಗಿಡವೆಲ್ಲ ನಿರೋಧಕವಲ್ಲ, ಅದು ನೊಣದ ಬಾಯಿಗೆ ಸಿಗದೆ ತಪ್ಪಿಸಿಕೊಂಡಿರಬಹುದು. ಆದ್ದರಿಂದ ಪಂಜರದೊಳಗೆ ಹತ್ತಿ ಗಿಡಗಳ ಮೇಲೆ ಶುದ್ಧ ನೊಣಗಳನ್ನು ಸಾಕಿ, ರೋಗದ ಗಿಡದ ಮೇಲೆ ಒಂದು ದಿನ ಬಿಟ್ಟು, ನಂತರ ಎಳೆಯ ಸಸಿಯೊಂದಕ್ಕೆ ಹದಿನೈದು ಇಪ್ಪತ್ತು ನೊಣಗಳಂತೆ ಮತ್ತೊಂದು ದಿನ ಕೂಡಿಹಾಕುತ್ತಿದ್ದೆವು. ಎಲೆಯನ್ನು ಮೆಲ್ಲಗೆ ಮಗುಚಿ, ಅಡಿಯಲ್ಲಿ ಕುಳಿತ ನೊಣಗಳನ್ನು ಬಾಯಿಂದ ಉಸಿರೆಳೆದು ಗಾಜಿನ ನಳಿಕೆಗೆ ಸೇರಿಸಬೇಕು. ಉಸಿರು ಜೋರಾದರೆ ನೊಣ ಸಾಯುತ್ತದೆ, ಮೆತ್ತಗಾದರೆ ಹಾರಿಹೋಗುತ್ತದೆ. ನೂರು ಸಸಿಗಳ ಒಂದು ಪರೀಕ್ಷೆಗೆ ಎರಡು ಸಾವಿರ ನೊಣಗಳನ್ನು ಹೀಗೆ ಎಣಿಸಬೇಕಾಗುತ್ತಿತ್ತು. ಮುದುರದೆ ಉಳಿದ ಸಸಿಗಳನ್ನು, ನಂಜಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಗೂ ಒಡ್ಡುತ್ತಿದ್ದೆವು, ಏಕೆಂದರೆ ಲಕ್ಷಣ ತೋರದ ಗಿಡದೊಳಗೂ ನಂಜಾಣು ಇರಬಹುದು.

ನಿರೋಧಕ ಗುಣ ದೊರೆತದ್ದು ಹೆಚ್ಚಾಗಿ ಕಾಡು ಟೊಮೇಟೊಗಳಲ್ಲಿ. ಅವುಗಳ ಕಾಯಿ ಗೋಲಿಯಷ್ಟು, ಹಣ್ಣಾದರೂ ಹಸಿರು. ಆ ಗುಣವೊಂದನ್ನು ಉಳಿಸಿಕೊಂಡು ಉಳಿದುದನ್ನು ಬಿಡಿಸಲು ತಲೆಮಾರಿನ ಮೇಲೆ ತಲೆಮಾರು ನಾವು ಬೆಳೆಯುವ ಟೊಮೇಟೊದೊಂದಿಗೆ ಮರುಸಂಕರಣ ಮಾಡಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್ ತಳಿಗಳು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದ, ಎಲೆ ಮುದುರು, ದುಂಡಾಣು ಸೊರಗು ಹಾಗೂ ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುವ ಅರ್ಕಾ ರಕ್ಷಕ್, ಇವುಗಳ ಹಿಂದೆ ಎಷ್ಟು ಜನರ ದುಡಿಮೆಯಿದೆ ಎಂಬುದನ್ನು ಹತ್ತಿರದಿಂದ ಬಲ್ಲೆ. ಆದರೂ ತಳಿಯೊಂದನ್ನೇ ನಂಬಿ ಸಸಿಮಡಿಯ ಬಲೆಯನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಂಜಾಣುಗಳು ಒಂದೇ ಗಿಡದಲ್ಲಿ ಬೆರೆತು ಹೊಸ ರೂಪ ಪಡೆಯುತ್ತವೆ, ಇಂದು ತಡೆದ ತಳಿ ಮುಂದೆಯೂ ತಡೆಯುತ್ತದೆಂಬ ಭರವಸೆಯಿಲ್ಲ.

ಮಾಲೂರಿನ ಆ ತೋಟದ ನಂಟು ಮಾತ್ರ ಬಿಟ್ಟುಹೋಗಲಿಲ್ಲ. ಅಲ್ಲಿ ಎರಡು ವರ್ಷ ರಾಗಿ ಮತ್ತು ಮುಸುಕಿನ ಜೋಳ ಬೆಳೆದು, ನಂತರ ಸೊರಗು ತಡೆಯುವ ಬದನೆಯ ಬೇರಿನ ಮೇಲೆ ಕಸಿ ಮಾಡಿದ ಟೊಮೇಟೊ ಸಸಿಗಳನ್ನು ನೆಟ್ಟೆವು. ಕಸಿಯ ಗಂಟು ಮಣ್ಣಿನೊಳಗೆ ಹೋದರೆ ಮೇಲಿನ ಟೊಮೇಟೊ ತಾನೇ ಬೇರು ಬಿಟ್ಟು ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ನಾಟಿಯ ದಿನ ಸಾಲಿನುದ್ದಕ್ಕೂ ಬಗ್ಗಿ ಪ್ರತಿ ಗಂಟನ್ನೂ ನೋಡಿದ್ದೆ. ಈಗ ಬೇಸಾಯ ಆ ರೈತರ ಮಗನದು. ಕಳೆದ ವರ್ಷ ಅವರು ಫೋನ್ ಮಾಡಿ, “ಸಾರ್, ನಾಲ್ಕು ಗಿಡ ಬಾಡೈತೆ. ಲೋಟದಲ್ಲಿ ಹಿಡ್ದು ನೋಡ್ದೆ, ನೀರು ತಿಳಿಯಾಗೇ ಐತೆ. ಬುಡದಲ್ಲಿ ಬೆಳ್ಳಗೆ ಬೂಜು, ಸಾಸಿವೆ ಕಾಳಿನಂಗೆ ಅಂಟ್ಕೊಂಡೈತೆ” ಎಂದರು. ಆ ಸಾಸಿವೆ ಕಾಳಿನಂಥವು ಬುಡ ಕೊಳೆಸುವ ಶಿಲೀಂಧ್ರದ ಗಟ್ಟಿ ಉಂಡೆಗಳು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥವು. ಮರುದಿನ ನಾನು ಹೋಗುವ ಹೊತ್ತಿಗೆ ಅವರು ಆ ನಾಲ್ಕೂ ಗಿಡಗಳನ್ನು ಸುತ್ತಲ ಮಣ್ಣಿನ ಸಮೇತ ಅಗೆದು, ಗೊಬ್ಬರದ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬದುವಿನಾಚೆ ಇಟ್ಟಿದ್ದರು.