ತೋರಣಗಲ್ಲಿನ ಯಾರ್ಡಿನಿಂದ: ರಿಸರ್ಚ್ ಪೇಪರ್ ಓದುವ ಬಗೆ

ನಾನು ತೋರಣಗಲ್ಲಿನ ಸುತ್ತಮುತ್ತಲ ಫ್ಯಾಬ್ರಿಕೇಶನ್ ಯಾರ್ಡುಗಳಲ್ಲಿ ವೆಲ್ಡಿಂಗ್ ಜಾಯಿಂಟುಗಳ ರೇಡಿಯೋಗ್ರಫಿ ಮಾಡುತ್ತೇನೆ, ಅಂದರೆ ಎಕ್ಸ್‌ರೇ ಥರ ಒಳಗಿನ ಫೋಟೋ ತೆಗೆಯೋದು. ಪೈಪಿನ ಒಂದು ಕಡೆ ಗಾಮಾ ಕಿರಣ ಬಿಡುವ ಇರಿಡಿಯಂ-192 ಸೋರ್ಸ್, ಇನ್ನೊಂದು ಕಡೆ ಫಿಲ್ಮ್. ಫಿಲ್ಮ್ ತೊಳೆದ ಮೇಲೆ ಜಾಯಿಂಟಿನ ಒಳಗಿನ ಕ್ರ್ಯಾಕ್, ಪೊರೋಸಿಟಿ (ಗ್ಯಾಸ್ ಸಿಕ್ಕಿಕೊಂಡು ಆದ ಸಣ್ಣ ತೂತುಗಳು) ಎಲ್ಲ ಕಾಣುತ್ತವೆ. ಕಿರಣ ಲೋಹದೊಳಗೆ ಹೇಗೆ ಸಾಗುತ್ತದೆ ಅನ್ನೋದು ಫಿಸಿಕ್ಸ್. ಜಾಯಿಂಟ್ ಯಾಕೆ ಬಿರುಕು ಬಿಟ್ಟಿತು ಅನ್ನೋದು ಇಂಜಿನಿಯರಿಂಗ್. ನಮ್ಮ ಮೈಗೆ ಏನಾಗುತ್ತದೆ ಅನ್ನೋದು ವೈದ್ಯಕೀಯ. ಹಾಗಾಗಿ ಮೂರೂ ಕಡೆಯ ಪೇಪರ್ ಓದುವ ಅಭ್ಯಾಸ ಬೆಳೆದಿದೆ. ಡಿಪ್ಲೊಮಾ ಮಾಡಿದವರೂ ಇದನ್ನು ಕಲಿಯಬಹುದು. ನಮ್ಮ ಕೆಲಸದ ಬಗ್ಗೆ ಬರೆದಿದ್ದನ್ನು ನಾವೇ ಓದದಿದ್ದರೆ ಹೇಗೆ, ಅಲ್ವಾ?

ಮೊದಲು ಒಂದು ಮಾತು. ಮೂರನ್ನೂ ಒಂದೇ ಥರ ಓದಬಾರದು. ಫಿಸಿಕ್ಸ್ ಪೇಪರಿನಲ್ಲಿ ಅಳತೆ ಎಷ್ಟು ಗಟ್ಟಿ ಅಂತ ನೋಡಿ. ಇಂಜಿನಿಯರಿಂಗ್ ಪೇಪರಿನಲ್ಲಿ ಯಾವ ಸ್ಥಿತಿಯಲ್ಲಿ ಮಾಡಿದರು ಅಂತ ನೋಡಿ. ವೈದ್ಯಕೀಯದಲ್ಲಿ ಯಾರನ್ನು ಯಾರ ಜೊತೆ ಹೋಲಿಸಿದರು ಅಂತ ನೋಡಿ.

ಪೇಪರ್ ಸಿಗೋದು ಎಲ್ಲಿ? ಫಿಸಿಕ್ಸಿಗೆ ಆರ್‌ಕೈವ್ (arXiv) ಅನ್ನೋ ವೆಬ್‌ಸೈಟ್ ಇದೆ. 1991ರಿಂದ ನಡೆಯುತ್ತಿದೆ, ಎಲ್ಲ ಫ್ರೀ. ವೈದ್ಯಕೀಯಕ್ಕೆ ಪಬ್‌ಮೆಡ್ (PubMed) ಅನ್ನೋ ವೆಬ್‌ಸೈಟ್. ಅಲ್ಲಿ ಸಾರಾಂಶ ಸಿಗುತ್ತದೆ, ಎಷ್ಟೋ ಪೇಪರುಗಳು ಪೂರ್ತಿಯಾಗಿಯೂ ಸಿಗುತ್ತವೆ. ಕಷ್ಟ ಇರೋದು ಇಂಜಿನಿಯರಿಂಗಿನಲ್ಲಿ, ಅಲ್ಲಿ ಜಾಸ್ತಿ ಪೇಪರಿಗೆ ದುಡ್ಡು ಕೇಳುತ್ತಾರೆ. ಗೂಗಲ್ ಸ್ಕಾಲರಿನಲ್ಲಿ ಹೆಸರು ಹಾಕಿ, ಕೆಳಗೆ 'ಎಲ್ಲ ಆವೃತ್ತಿಗಳು' ಅಂತ ಇರುವುದನ್ನು ಒತ್ತಿ. ಎಷ್ಟೋ ಸಲ ಲೇಖಕರೇ ಎಲ್ಲೋ ಒಂದು ಕಡೆ ಫ್ರೀಯಾಗಿ ಹಾಕಿರುತ್ತಾರೆ. ಸರಕಾರಿ ಕಾಲೇಜಿನಲ್ಲಿ ಓದುವವರಿಗೆ 2025ರಿಂದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್ ಅದರಲ್ಲಿವೆ. ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ, ಅದು ನನಗೆ ಬೇಜಾರು.

ಪೇಪರ್ ಕೈಗೆ ಬಂದ ಮೇಲೆ ಮೊದಲ ಸಾಲಿನಿಂದ ಕೊನೆವರೆಗೆ ಓದಬೇಡಿ. ಸಾರಾಂಶ ಒಂದು ಸಲ ನೋಡಿ, ನಿಮಗೆ ಬೇಕಾದದ್ದೇ ಹೌದಾ ಅಂತ ತಿಳಿಯುವಷ್ಟು ಮಾತ್ರ. ಆಮೇಲೆ ನೇರ ಚಿತ್ರ, ಗ್ರಾಫು, ಟೇಬಲ್‌ಗಳಿಗೆ ಹೋಗಿ. ಅವುಗಳನ್ನು ನೋಡಿ ನಿಮಗೆ ಏನು ಅನಿಸಿತು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ನಂತರ ವಿಧಾನದ ಭಾಗ ಓದಿ. ಕೊನೆಗೆ ಲೇಖಕರ ತೀರ್ಮಾನ. ನಿಮ್ಮ ಸಾಲಿಗೂ ಅವರ ಸಾಲಿಗೂ ಎಲ್ಲಿ ತಾಳೆಯಾಗಲ್ಲವೋ ಅಲ್ಲಿಗೆ ವಾಪಸ್ ಹೋಗಿ ನಿಧಾನ ಓದಿ.

ಫಿಸಿಕ್ಸ್ ಪೇಪರಿನಲ್ಲಿ ಅಂಕಿ ಒಂಟಿಯಾಗಿ ಬರಬಾರದು. ಪಕ್ಕದಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋದು ಇರಬೇಕು. 12.34(5) ಅಂತ ಬರೆದಿದ್ದರೆ 12.34ರ ಅತ್ತ ಇತ್ತ 0.05 ಅಂತ ಅರ್ಥ. ಯೂನಿಟ್ಟನ್ನೂ ನೋಡಿ. ಹಳೆಯ ಪೇಪರಿನಲ್ಲಿ ಸೋರ್ಸಿನ ಬಲ ಕ್ಯೂರಿಯಲ್ಲಿ ಇರುತ್ತದೆ, ಹೊಸದರಲ್ಲಿ ಗಿಗಾಬೆಕೆರೆಲ್. 1 ಕ್ಯೂರಿ ಅಂದರೆ 37 ಗಿಗಾಬೆಕೆರೆಲ್. ಇನ್ನು ಆರ್‌ಕೈವಿನಲ್ಲಿ ಇರುವುದನ್ನು ಬೇರೆ ತಜ್ಞರು ಪರಿಶೀಲಿಸಿರಲೇಬೇಕು ಅಂತಿಲ್ಲ. 2023ರ ಜುಲೈನಲ್ಲಿ ಎಲ್‌ಕೆ-99 ಅನ್ನೋ ವಸ್ತು ಮಾಮೂಲಿ ತಾಪದಲ್ಲೇ ಸೂಪರ್‌ಕಂಡಕ್ಟರ್, ಅಂದರೆ ಯಾವ ತಡೆಯೂ ಇಲ್ಲದೆ ಕರೆಂಟು ಹರಿಸುವ ವಸ್ತು, ಅಂತ ಅಲ್ಲಿ ಪೇಪರ್ ಬಂತು. ಬೇರೆ ಬೇರೆ ಲ್ಯಾಬಿನವರು ಮಾಡಿ ನೋಡಿದರು, ಆಗಲಿಲ್ಲ. ಬೇರೆಯವರು ಮಾಡಿ ನೋಡಿದರಾ ಅನ್ನೋದನ್ನು ಹುಡುಕದೆ ಯಾವ ದೊಡ್ಡ ಸುದ್ದಿಯನ್ನೂ ನಂಬಬೇಡಿ.

ಗ್ರಾಫಿನಲ್ಲಿ ಲೈನಿಗೆ ಕೂರದ ಚುಕ್ಕೆ ಇದ್ದರೆ ಅದನ್ನೇ ಜಾಸ್ತಿ ನೋಡಿ. ನನಗೆ ಬಹಳ ಇಷ್ಟವಾದ ಉದಾಹರಣೆ ಅಲನ್ ಕಾರ್ಮ್ಯಾಕ್ ಅವರದು. ಅವರು ಕೇಪ್‌ಟೌನಿನಲ್ಲಿ ಫಿಸಿಕ್ಸ್ ಮೇಷ್ಟ್ರು. 1957ರಲ್ಲಿ ನಡುವೆ ಅಲ್ಯೂಮಿನಿಯಂ, ಸುತ್ತ ಮರ ಇರುವ ಒಂದು ದುಂಡನೆಯ ವಸ್ತು ಮಾಡಿಸಿ, ಅದರ ಮೂಲಕ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿ ಅಳೆದರು. ಹೊರಗಿನ ಅಳತೆಯಿಂದ ಒಳಗೆ ಏನಿದೆ ಅಂತ ಲೆಕ್ಕ ಹಾಕಬಹುದಾ ಅನ್ನೋದೇ ಪ್ರಶ್ನೆ. ಲೆಕ್ಕ ಸರಿ ಬಂತು, ಆದರೆ ಸರಿ ನಡುಮಧ್ಯದಲ್ಲಿ ಅಂಕಿ ಸ್ವಲ್ಪ ಕಮ್ಮಿ. ಅದನ್ನು ಅಲ್ಲಿಗೇ ಬಿಡದೆ ವಿಚಾರಿಸಿದರು. ಅದನ್ನು ಮಾಡಿಕೊಟ್ಟವರು ನಡುವೆ ಬೇರೆ ಅಲ್ಯೂಮಿನಿಯಮ್ಮಿನ ಒಂದು ಗೂಟ ಕೂರಿಸಿದ್ದರು. ಕಿರಣ ಅದನ್ನೂ ಹಿಡಿದಿತ್ತು! ಆ ಕೆಲಸದ ಪೇಪರುಗಳು 1963, 1964ರಲ್ಲಿ ಬಂದವು, ಹೆಚ್ಚಿನವರು ಗಮನಿಸಲೇ ಇಲ್ಲ. ಇಂಗ್ಲೆಂಡಿನಲ್ಲಿ ಇಎಂಐ ಕಂಪನಿಯ ಇಂಜಿನಿಯರ್ ಹೌನ್ಸ್‌ಫೀಲ್ಡ್ ತಮ್ಮದೇ ದಾರಿಯಲ್ಲಿ ಹೀಗೇ ಹೊರಗಿನ ಅಳತೆಯಿಂದ ಒಳಗಿನ ಚಿತ್ರ ಕೊಡುವ ಮಷೀನ್ ಕಟ್ಟಿದರು. 1971ರಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ಇವತ್ತು ಬಳ್ಳಾರಿಯಲ್ಲಿ ಆಗುವ ಸಿಟಿ ಸ್ಕ್ಯಾನಿನ ಬೇರು ಅಲ್ಲಿದೆ.

ಇಂಜಿನಿಯರಿಂಗ್ ಪೇಪರಿಗೆ ಬರೋಣ. ಇಲ್ಲಿ ವಿಧಾನದ ಭಾಗವೇ ಮುಖ್ಯ. ಯಾವ ಗ್ರೇಡಿನ ಸ್ಟೀಲು, ಎಷ್ಟು ದಪ್ಪ, ಯಾವ ವೆಲ್ಡಿಂಗ್ ರಾಡು, ರಾಡನ್ನು ಓವನ್ನಿನಲ್ಲಿ ಕಾಯಿಸಿದ್ದರಾ, ಎಷ್ಟು ಆಂಪಿಯರ್, ಎಷ್ಟು ಸ್ಪೀಡು. ಇವನ್ನೆಲ್ಲ ಪಟ್ಟಿ ಮಾಡಿ, ಪಕ್ಕದಲ್ಲಿ ನಿಮ್ಮ ಜಾಗದ ಅಂಕಿ ಬರೆಯಿರಿ. ಅವರು 6 ಮಿ.ಮೀ. ಪ್ಲೇಟಿನ ಮೇಲೆ ಲ್ಯಾಬಿನೊಳಗೆ ಮಾಡಿದ್ದು, ನಿಮ್ಮದು 25 ಮಿ.ಮೀ. ಪ್ಲೇಟು, ಬಯಲಿನ ಗಾಳಿಯಲ್ಲಿ ವೆಲ್ಡ್ ಆಗಿದ್ದು ಅಂದರೆ ಅವರ ಫಲಿತಾಂಶ ನಿಮಗೆ ಹಾಗೇ ಬರಲ್ಲ. ದಪ್ಪ ಪ್ಲೇಟು ಬೇಗ ಶಾಖ ಎಳೆದುಕೊಳ್ಳುತ್ತದೆ, ಜಾಯಿಂಟ್ ಬೇಗ ತಣ್ಣಗಾಗಿ ಗಡುಸಾಗುತ್ತದೆ. ಗಾಳಿ ಜೋರಾದರೆ ಕರಗಿದ ಲೋಹವನ್ನು ಕಾಯುವ ಶೀಲ್ಡಿಂಗ್ ಗ್ಯಾಸ್ ಹಾರಿಹೋಗಿ ಪೊರೋಸಿಟಿ ಬರುತ್ತದೆ.

ಒಂದು ಲೆಕ್ಕವನ್ನಂತೂ ನೀವೇ ಮಾಡಿ ನೋಡಿ, ಹೀಟ್ ಇನ್‌ಪುಟ್, ಅಂದರೆ ವೆಲ್ಡಿನ ಒಂದೊಂದು ಮಿ.ಮೀ.ಗೆ ಎಷ್ಟು ಶಾಖ ಕೊಟ್ಟೆವು ಅನ್ನೋದು. ವೋಲ್ಟನ್ನು ಆಂಪಿಯರಿಗೆ ಗುಣಿಸಿ, 60ಕ್ಕೆ ಗುಣಿಸಿ. ಅದನ್ನು ನಿಮಿಷಕ್ಕೆ ಎಷ್ಟು ಮಿ.ಮೀ. ಸ್ಪೀಡು ಅನ್ನೋದರಿಂದ ಭಾಗಿಸಿ, ಮತ್ತೆ 1,000ದಿಂದ ಭಾಗಿಸಿ. 25 ವೋಲ್ಟ್, 120 ಆಂಪಿಯರ್, ನಿಮಿಷಕ್ಕೆ 150 ಮಿ.ಮೀ. ಆದರೆ ಮಿ.ಮೀ.ಗೆ 1.2 ಕಿಲೋಜೌಲ್ ಬರುತ್ತದೆ. ಯುರೋಪಿನ ಪೇಪರಿನಲ್ಲಿ ಇದೇ ವೆಲ್ಡಿಗೆ 0.96 ಅಂತ ಇರಬಹುದು. ಅವರು ರಾಡ್ ವೆಲ್ಡಿಂಗಿಗೆ 0.8ರ ದಕ್ಷತೆಯನ್ನೂ ಗುಣಿಸುತ್ತಾರೆ. ಅಮೆರಿಕದ ಕೋಡ್ (ವೆಲ್ಡಿಂಗ್ ನಿಯಮಗಳ ಪುಸ್ತಕ) ಹಿಡಿದವರು ಗುಣಿಸಲ್ಲ. ಎರಡು ಪೇಪರ್ ಹೋಲಿಸುವ ಮುಂಚೆ ಯಾರು ಹೇಗೆ ಲೆಕ್ಕ ಹಾಕಿದ್ದಾರೆ ಅಂತ ನೋಡದಿದ್ದರೆ ಇಡೀ ಹೋಲಿಕೆ ನೀರಲ್ಲಿ ಹೋಮ.

ವೈದ್ಯಕೀಯಕ್ಕೆ ಜಾಸ್ತಿ ಎಚ್ಚರ ಬೇಕು, ಯಾಕಂದರೆ ಹೆದರಿಕೆ ಬೇಗ ಹಬ್ಬುತ್ತದೆ. ಯಾರ್ಡಿನ ಹೆಲ್ಪರ್ ಹುಡುಗ ಒಮ್ಮೆ ಬಂದು, "ಅಣ್ಣಾ, ವೆಲ್ಡಿಂಗ್ ಹೊಗೆಯಿಂದ ಕ್ಯಾನ್ಸರ್ ಬರ್ತದಂತೆ, ಹೌದಾ?" ಅಂತ ಕೇಳಿದ. ಹೌದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಗುಂಪು 1ಕ್ಕೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಆದರೆ ಗುಂಪು ಅನ್ನೋದು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಅಪಾಯ ಎಷ್ಟು ದೊಡ್ಡದು ಅಂತ ಹೇಳಲ್ಲ. ಅದೇ ಗುಂಪಿನಲ್ಲಿ ತಂಬಾಕೂ ಇದೆ, ಅಡಿಕೆಯೂ ಇದೆ. ಮೂರರ ಅಪಾಯ ಸಮ ಅಂತ ಅದರ ಅರ್ಥ ಅಲ್ಲ.

ಇಂಥ ಪೇಪರಿನಲ್ಲಿ ನಾನು ಮೊದಲು ಹುಡುಕೋದು ಬೀಡಿ-ಸಿಗರೇಟಿನ ಲೆಕ್ಕ. ವೆಲ್ಡರುಗಳಲ್ಲಿ ಸೇದುವವರು ಜಾಸ್ತಿ ಇದ್ದರೆ, ಕ್ಯಾನ್ಸರ್ ಬಂದದ್ದು ವೆಲ್ಡಿಂಗ್ ಹೊಗೆಯಿಂದಲೋ ಬೀಡಿಯಿಂದಲೋ? ಆ ಏಜೆನ್ಸಿಯ ತಜ್ಞರು ಸಿಗರೇಟು, ಆಸ್ಬೆಸ್ಟಸ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಕ್ಕೆ ಬಂದರು. ಅದಕ್ಕೇ ನಾನು ಅದನ್ನು ನಂಬುತ್ತೇನೆ. ಹುಡುಗನಿಗೆ ಹೊಗೆ ಎಳೆಯುವ ಫ್ಯಾನ್ ಹಾಕಿಸಿಕೊ, ಗಾಳಿ ಬರುವ ಕಡೆ ನಿಲ್ಲು, ಸರಿಯಾದ ಮಾಸ್ಕ್ ಕೇಳಿ ತಗೊ ಅಂತ ಹೇಳಿದೆ.

'50 ಪರ್ಸೆಂಟ್ ಜಾಸ್ತಿ' ಅಂತ ಇದ್ದರೆ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. 1,000 ಜನರಲ್ಲಿ 2 ಇದ್ದದ್ದು 3 ಆದರೂ 50 ಪರ್ಸೆಂಟೇ, 200 ಇದ್ದದ್ದು 300 ಆದರೂ 50 ಪರ್ಸೆಂಟೇ. ಔಷಧದ ಪ್ರಯೋಗ ನಮ್ಮ ದೇಶದಲ್ಲಿ ಆಗಿದ್ದರೆ ಸಿಟಿಆರ್‌ಐ ಅನ್ನೋ ಸರಕಾರಿ ರಿಜಿಸ್ಟ್ರಿಯಲ್ಲಿ ಹುಡುಕಿ. ಮೊದಲೇ ಏನು ಅಳೆಯುತ್ತೇವೆ ಅಂತ ಬರೆಸಿದ್ದರೋ, ಪೇಪರಿನಲ್ಲಿ ಅದನ್ನೇ ಹೇಳಿದ್ದಾರಾ ನೋಡಿ. ತಪ್ಪು ಅಥವಾ ಮೋಸ ಕಂಡು ಜರ್ನಲ್ಲಿನವರು ಪೇಪರನ್ನು ವಾಪಸ್ ತೆಗೆದಿದ್ದರೆ ಪಬ್‌ಮೆಡ್ಡಿನಲ್ಲಿ ಕಾಣುವ ಹಾಗೆ ಬರೆದಿರುತ್ತದೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪೇಪರಿನಲ್ಲಿ ಇದ್ದದ್ದು 12 ಮಕ್ಕಳು ಮಾತ್ರ. ಜರ್ನಲ್ಲಿನವರು ಅದನ್ನು ವಾಪಸ್ ತೆಗೆದದ್ದು 2010ರಲ್ಲಿ.

ಇಷ್ಟಾದರೂ ತಿಳಿಯದ್ದು ಉಳಿದರೆ ಲೇಖಕರಿಗೇ ಬರೆಯಿರಿ. ಮೊದಲ ಪುಟದಲ್ಲೇ ಇಮೇಲ್ ಇರುತ್ತದೆ. ಉದ್ದ ಬೇಡ. ನೀವು ಏನು ಕೆಲಸ ಮಾಡುತ್ತೀರಿ, ಯಾವ ಚಿತ್ರದ ಯಾವ ಅಂಕಿ, ನಿಮ್ಮ ಪ್ರಶ್ನೆ ಏನು, ಅಷ್ಟೇ. ಸರಳ ಇಂಗ್ಲಿಷ್ ಸಾಕು. ಪೇಪರ್ ಪೂರ್ತಿ ಸಿಗದಿದ್ದರೆ ಅದನ್ನೂ ಇದೇ ಪತ್ರದಲ್ಲಿ ಕೇಳಿ, ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.