ಫುಟ್‌ಪಾತ್ ಇಲ್ಲದ ಹಳ್ಳಿ ರೋಡಲ್ಲಿ ನಡೆಯೋದು, ಗಾಡಿ ಓಡ್ಸೋದು ಹೇಗೆ

ನಮ್ಮ ಮಂಡ್ಯ ಕಡೆ ಹಳ್ಳಿ ರೋಡುಗಳು ನೋಡಿ, ಗ್ರಾಮ ಸಡಕ್ ಯೋಜನೆಲಿ ಹಾಕೋ ಸಿಂಗಲ್ ರೋಡಿನ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ, ಅದ್ರಲ್ಲಿ ಒಂದು ಬಸ್ಸಿಗೇ ಎರಡೂವರೆ ಮೀಟರ್ ಬೇಕು, ಮಿಕ್ಕಿದ್ದು ಒಂದು ಮೀಟರ್ ಚಿಲ್ಲರೆ, ಅಷ್ಟರಲ್ಲೇ ಸ್ಕೂಲ್ ಮಕ್ಕಳು, ದನ ಎಲ್ಲಾ ಓಡಾಡ್ಬೇಕು.

ನಡ್ಕೊಂಡು ಹೋಗೋರು ಬಲಗಡೆ ಅಂಚಲ್ಲೇ ಹೋಗಿ, ಆಗ ಹತ್ರದ ಗಾಡಿ ಎದುರಿಂದ ಬರುತ್ತೆ, ಕಣ್ಣಿಗೆ ಕಾಣುತ್ತೆ. ಆದ್ರೆ ರೋಡು ಬಲಕ್ಕೆ ತಿರುಗೋ ಕಡೆ ಕಬ್ಬಿನ ಗದ್ದೆ ಮರೆ ಇದ್ರೆ ತಿರುವಿಗೆ ಮುಂಚೇನೇ ಎಡಗಡೆಗೆ ದಾಟ್ಕೊಳ್ಳಿ, ತಿರುವು ಮುಗಿದ್ಮೇಲೆ ವಾಪಸ್ ಬನ್ನಿ. ಕತ್ತಲಾದ್ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಟಾರ್ಚು. ಇಯರ್‌ಫೋನ್ ಬೇಡ.

ಗಾಡಿ ಓಡ್ಸೋರೆ, 40ರ ಸ್ಪೀಡಲ್ಲಿ ಸೆಕೆಂಡಿಗೆ 11 ಮೀಟರ್ ಹೋಗಿರ್ತೀರ, ಬ್ರೇಕ್ ಮೇಲೆ ಕಾಲಿಡೋ ಮೊದ್ಲೇ. ಮುಂದೆ ಯಾರೋ ಅಮ್ಮ ತಲೆ ಮೇಲೆ ಹುಲ್ಲಿನ ಹೊರೆ ಹೊತ್ಕೊಂಡು ಹೋಗ್ತಿದ್ರೆ ಹಿಂದೆ ಹೋಗಿ ಜೋರಾಗಿ ಹಾರ್ನ್ ಹೊಡೀಬೇಡಿ, ಅವ್ರಿಗೆ ಕತ್ತು ತಿರುಗ್ಸೋಕೆ ಆಗಲ್ಲ, ಇಡೀ ಮೈನೇ ತಿರುಗ್ಸ್ತಾರೆ, ಆಗ ಹೊರೆ ಸೀದಾ ರೋಡಿಗೆ ಅಡ್ಡ ಬರುತ್ತೆ, ನಾನು ಕಣ್ಣಾರೆ ನೋಡಿದೀನಿ. ದೂರದಲ್ಲೇ ಒಂದ್ಸಲ ಮೆತ್ತಗೆ ಹಾರ್ನ್ ಮಾಡಿ, ಸೆಕೆಂಡ್ ಗೇರಿಗೆ ಇಳ್ಸಿ, ಅವ್ರು ಪಕ್ಕಕ್ಕೆ ನಿಂತ್ಮೇಲೆ ಹೋಗಿ. ಪಕ್ಕದಲ್ಲಿ ನಾಲೆ ಇದ್ರೆ ಅವ್ರಿಗೆ ಸರಿಯೋಕೆ ಜಾಗಾನೇ ಇರಲ್ಲ, ನೀವೇ ನಿಲ್ಸಿ.

ರಾತ್ರಿ ಎದುರಿಗೆ ಜನ ಕಂಡ್ರೆ ಲೈಟ್ ಡಿಮ್ ಮಾಡಿ. ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಇರಬಹುದು, ಎರಡನೇದು ದಾಟೋವರೆಗೂ ಯಾರೂ ರೋಡಿಗೆ ಇಳೀಬೇಡಿ.