ಸಪಾಟು ರಾಜಕಾಲುವೆಗೆ ಕಲ್ವರ್ಟ್: ಲೆಕ್ಕ ಕೆಳಗಡೆಯಿಂದ ಶುರು ಮಾಡಿದೆ

ಬೆಂಗಳೂರು ಎತ್ತರದ ಊರು, ನೀರು ತಾನಾಗಿಯೇ ಇಳಿದು ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಮಲ್ಲೇಶ್ವರ, ಬಸವನಗುಡಿಯ ದಿಬ್ಬಗಳಲ್ಲಿ ಅದು ನಿಜ. ಆದರೆ ಬೆಳ್ಳಂದೂರು ಕೆರೆಯಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ನೀರು ಹೋಗುವ ಕಣಿವೆಯಲ್ಲಿ ಎಷ್ಟೋ ಕಡೆ ನೆಲ ಸಪಾಟಾಗಿದೆ. ಸರ್ಜಾಪುರ ರಸ್ತೆ ಕಡೆಯ ಒಂದು ಬಡಾವಣೆಗೆ ನಾನು ಕಲ್ವರ್ಟ್, ಅಂದರೆ ರಸ್ತೆ ಕೆಳಗೆ ನೀರು ಹಾಯುವ ಮೋರಿ, ವಿನ್ಯಾಸ ಮಾಡಿದ್ದು ಅಂಥ ಜಾಗದಲ್ಲಿ. ಕಾಲುವೆಯ ತಳ ಸಾವಿರ ಮೀಟರಿಗೆ ಒಂದೇ ಮೀಟರ್ ಇಳಿಯುತ್ತಿತ್ತು. ಮೊದಲಿದ್ದ ಹ್ಯೂಮ್ ಪೈಪುಗಳಲ್ಲಿ (ದುಂಡನೆಯ ಕಾಂಕ್ರೀಟ್ ಪೈಪು) ಅರ್ಧ ಹೂಳು.

ಲೆವೆಲ್ ತೆಗೆಯುವುದನ್ನು, ಅಂದರೆ ಎತ್ತರ ಅಳೆಯುವುದನ್ನು, ಕೆಳಗಿನ ಕೆರೆಯ ಕೋಡಿಯಿಂದ ಶುರು ಮಾಡಿದೆ. ಕೆರೆ ತುಂಬಿದಾಗ ನೀರು ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ಕೋಡಿಯೇ ಹೇಳುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನೀರು ಎಷ್ಟು ಏರಿತ್ತು ಅಂತ ಪಕ್ಕದ ನರ್ಸರಿಯ ಯಜಮಾನರನ್ನು ಕೇಳಿದೆ. ಕಾಂಪೌಂಡ್ ಗೋಡೆಯ ಮೇಲಿನ ಕಲೆ ತೋರಿಸಿದರು. ಅದಕ್ಕೂ ಲೆವೆಲ್ ಹಿಡಿದೆವು. ಜೋರು ಮಳೆಯಲ್ಲಿ ಕೆಳಗಡೆಯ ನೀರು ಕಲ್ವರ್ಟಿನ ಬಾಯನ್ನೇ ಮುಳುಗಿಸುತ್ತದೆ ಅಂತ ಆಗ ಖಾತ್ರಿಯಾಯಿತು.

ಪೈಪಿನ ಬದಲು ಬಾಕ್ಸ್, ಅಂದರೆ ಚೌಕಾಕಾರದ ಕಾಂಕ್ರೀಟ್ ಕೊಳವೆ, ಇಡುವುದು ಅಂತ ಇತ್ತು. ಕಂಟ್ರಾಕ್ಟರ್ ಹೇಳಿದರು: "ಸಾರ್, ಬಾಕ್ಸಿಗೆ ಒಳ್ಳೆ ಸ್ಲೋಪ್ ಕೊಟ್ಟುಬಿಡೋಣ, ನೀರು ಎಳ್ಕೊಂಡು ಹೋಗುತ್ತೆ." ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಬಾಕ್ಸಿನ ಕೊನೆ ಕಾಲುವೆಯ ತಳಕ್ಕಿಂತ ಕೆಳಗೆ ಹೋಗುತ್ತದೆ. ಆ ಗುಂಡಿ ಮೊದಲ ಮಳೆಗೇ ಹೂಳು ತುಂಬಿಕೊಳ್ಳುತ್ತದೆ. ಬಾಯಿ ಮುಳುಗಿದ ಮೇಲೆ ಒಳಗಿನ ಇಳಿಜಾರಿಗೆ ಬೆಲೆಯೇ ಇಲ್ಲ. ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ನೀರನ್ನು ತಳ್ಳಬೇಕು.

ಅವರ ಮುಂದೆಯೇ ಲೆಕ್ಕ ಹಾಕಿದೆ. ನೀರು ಬರುವ ಜಾಗ 120 ಹೆಕ್ಟೇರ್, ಮಳೆ ಗಂಟೆಗೆ 90 ಮಿಲಿಮೀಟರ್, ಎಲ್ಲಾ ಕಡೆ ಕಾಂಕ್ರೀಟಾದ್ದರಿಂದ ಮಳೆಯಲ್ಲಿ ಹರಿದು ಬರುವ ಪಾಲಿನ ಗುಣಾಂಕ 0.8. ಮೂರನ್ನೂ ಗುಣಿಸಿ, ಅಳತೆಯ ಘಟಕ ಹೊಂದಿಸಲು 360ರಿಂದ ಭಾಗಿಸಿದರೆ ಸೆಕೆಂಡಿಗೆ 24 ಘನ ಮೀಟರ್. 3 ಮೀಟರ್ ಅಗಲ, 2 ಮೀಟರ್ ಎತ್ತರದ ಎರಡು ಬಾಕ್ಸ್ ಇಟ್ಟರೆ ನೀರಿನ ವೇಗ ಸೆಕೆಂಡಿಗೆ 2 ಮೀಟರ್. ಒಳಗೆ ಹೋಗುವಾಗಿನ, ಉಜ್ಜುವಿಕೆಯ, ಹೊರಗೆ ಬರುವಾಗಿನ ನಷ್ಟ ಸೇರಿ ಮೇಲ್ಗಡೆ ನೀರು ಸುಮಾರು 34 ಸೆಂಟಿಮೀಟರ್ ಏರುತ್ತದೆ. 20 ಮೀಟರ್ ಉದ್ದದ ಕಲ್ವರ್ಟಿನಲ್ಲಿ ತಳದ ಇಳಿಕೆ ಬರೀ 2 ಸೆಂಟಿಮೀಟರ್! ಇಂಥ ಸಪಾಟಿನಲ್ಲಿ 34 ಸೆಂಟಿಮೀಟರ್ ಏರಿದರೆ ಅದರ ಪರಿಣಾಮ ಮುನ್ನೂರು ಮೀಟರ್ ಮೇಲಿನ ಮನೆಗಳಿಗೂ ತಟ್ಟುತ್ತದೆ. ಆ ಮನೆಯವರು ನಮ್ಮ ಕಲ್ವರ್ಟನ್ನು ನೋಡಿರುವುದೂ ಇಲ್ಲ, ಅಲ್ವಾ? ಮೂರು ಬಾಕ್ಸ್ ಮಾಡಿದರೆ ಏರಿಕೆ 15 ಸೆಂಟಿಮೀಟರಿಗೆ ಇಳಿಯುತ್ತದೆ. ಖರ್ಚು ಜಾಸ್ತಿ, ಆದರೂ ಮೂರಕ್ಕೇ ಪಟ್ಟು ಹಿಡಿದೆ.

ಅಗಲ ಮಾಡಿದರೆ ಇನ್ನೊಂದು ತೊಂದರೆ. ನಮ್ಮ ರಾಜಕಾಲುವೆಗಳಲ್ಲಿ ವರ್ಷವಿಡೀ ಕೊಳಚೆ ನೀರು ಸಣ್ಣಗೆ ಹರಿಯುತ್ತಿರುತ್ತದೆ. ಒಂಬತ್ತು ಮೀಟರ್ ಅಗಲಕ್ಕೆ ಅದು ತೆಳ್ಳಗೆ ಹರಡಿದರೆ ವೇಗ ಸತ್ತುಹೋಗಿ ಹೂಳು ಕೂರುತ್ತದೆ. ಅದಕ್ಕೆ ನಡುವಿನ ಬಾಕ್ಸನ್ನು ಕಾಲುವೆಯ ತಳಕ್ಕೆ ಸರಿಯಾಗಿ ಇಟ್ಟು, ಪಕ್ಕದ ಎರಡರ ತಳವನ್ನು 30 ಸೆಂಟಿಮೀಟರ್ ಎತ್ತರಿಸಿದೆ. ಬೇಸಿಗೆಯ ನೀರೆಲ್ಲ ನಡುವಿನಲ್ಲೇ ಒಟ್ಟಾಗಿ ಹೋಗುತ್ತದೆ. ಹೀಗೆ ಮಾಡಿದ್ದರಿಂದ ಏರಿಕೆ 19 ಸೆಂಟಿಮೀಟರಾಯಿತು. ಆ ನಾಲ್ಕು ಸೆಂಟಿಮೀಟರ್ ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ.

ನೀರಿನ ಪೈಪು, ಕೇಬಲ್ಲುಗಳನ್ನು ಬಾಕ್ಸಿನೊಳಗೆ ತೂರಿಸಲು ಬಿಡಲಿಲ್ಲ. ಪ್ಲಾಸ್ಟಿಕ್ ಕವರು, ಹಳೇ ಹಾಸಿಗೆ ಎಲ್ಲಾ ಅವಕ್ಕೇ ಸಿಕ್ಕಿಕೊಳ್ಳುತ್ತದೆ. ಅವಕ್ಕೆ ಸ್ಲ್ಯಾಬಿನ ಮೇಲೆ, ಫುಟ್‌ಪಾತ್ ಕೆಳಗೆ ಬೇರೆ ದಾರಿ ಕೊಟ್ಟೆ. ಕೆಳಗಡೆಯ ಕಾಲುವೆಯ ಕಳೆಯನ್ನೂ ತೆಗೆಸಲು ಹೇಳಿದೆ. ಕಳೆಯಿಂದ ತಳದ ಒರಟುತನ ಹೇಳುವ ಅಂಕಿ 0.03ರಿಂದ 0.06ಕ್ಕೆ ಹೋದರೆ ಅಷ್ಟೇ ಆಳದಲ್ಲಿ ಅರ್ಧ ನೀರು ಮಾತ್ರ ಹರಿಯುತ್ತದೆ. ಆಗ ನೀರು ಹಿಂದಕ್ಕೆ ಒತ್ತಿ ನಮ್ಮ ಬಾಕ್ಸಿಗೇ ಬರುತ್ತದೆ. ಹೂಳೆತ್ತುವ ಸಣ್ಣ ಯಂತ್ರ ಇಳಿಯಲು ಮೇಲ್ಗಡೆಯ ವಿಂಗ್ ವಾಲ್ (ಕಲ್ವರ್ಟಿನ ಬಾಯಿಯ ಪಕ್ಕದ ಗೋಡೆ) ಪಕ್ಕ ಒಂದು ರ‍್ಯಾಂಪ್ ಮಾಡಿಸಿದ್ದೇವೆ. ಮಳೆಗಾಲಕ್ಕೆ ಮುಂಚೆ ನಡುವಿನ ಬಾಕ್ಸಿನ ಹೂಳನ್ನೇ ಮೊದಲು ತೆಗೆಯಿರಿ ಅಂತ ನಿರ್ವಹಣೆಯವರಿಗೆ ಬರೆದುಕೊಟ್ಟಿದ್ದೇನೆ.